ದಿನ ತುಂಬಿದವಳ ಮನೆಯವರಿಗೆ

ಎಫ್ರಾತದ ದಾರಿಯಲ್ಲಿ ರಾಹೇಲಳಿಗೆ ಹೆರಿಗೆಯ ಬೇನೆ ಬಂತೆಂಬದನ್ನೂ, ಸೂಲಗಿತ್ತಿಯು ಸಂಗಡ ಇದ್ದಾಗ್ಯೂ ಆಕೆಯು ಮಗನನ್ನು ಹೆತ್ತು ಸತ್ತಳೆಂಬದನ್ನೂ ನಾವೆಲ್ಲರು ಓದಿದ್ದೇವೆ. ಅದನ್ನು ಓದುವಾಗ ನಮ್ಮ ಹಳ್ಳಿಗಳ ದಾರಿಗಳೇ ಕಣ್ಣಿಗೆ ಬರುತ್ತವೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿಯೂ ಸರಕಾರದ ಆಸ್ಪತ್ರೆಗಳುಂಟು. ಆದರೂ ಮನೆಯವರು ಹೊರಡುವದಕ್ಕೆ ತಡಮಾಡುತ್ತಾರೆ. ಅಲ್ಲಿ ಏನು ಮಾಡುವರೋ ಎಂಬ ಭಯವೇ ಅನೇಕರನ್ನು ಹಿಡಿದು ನಿಲ್ಲಿಸುತ್ತದೆ. ಆದಕಾರಣ ಅಲ್ಲಿ ನಡೆಯುವದನ್ನು ಈ ಪಾಠದಲ್ಲಿ ತಿಳಿಸುತ್ತೇವೆ. ಇದನ್ನು ಗಂಡಂದಿರೂ ಅತ್ತೆಯರೂ ಕೇಳತಕ್ಕದ್ದು.

ಈ ಭಯವು ಬರೀ ಸುಳ್ಳೆಂದು ನಾವು ಹೇಳಲಾರೆವು. ೨೦೨೪ನೇ ಇಸವಿಯ ನವೆಂಬರದಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರಲ್ಲಿ ಐವರು ಸತ್ತರು. ನರಕ್ಕೆ ಏರಿಸಿದ ದ್ರವದ ಮೇಲೆ ಸಂಶಯ ಹುಟ್ಟಿ ಸರಕಾರವು ಅದರ ಉಪಯೋಗವನ್ನು ತಡೆಯಿತು. ಅದೇ ವರುಷ ಸಿಂಧನೂರಿನಿಂದಲೂ ಬಾಣಂತಿಯರ ಮರಣದ ವಾರ್ತೆ ಬಂತು. ಆ ದುಃಖವನ್ನು ನಾವು ಮುಚ್ಚಿಡುವದಿಲ್ಲ. ಆದರೆ ಮನೆಯ ಮೂಲೆಯಲ್ಲಿ ಸತ್ತವಳ ವಾರ್ತೆಯು ಪತ್ರಿಕೆಗೆ ಬರುವದಿಲ್ಲವೆಂಬದನ್ನೂ ನೆನಸಿರಿ.

ಬಸುರು ನಿಂತಿತೆಂದು ತಿಳಿದ ಕೂಡಲೆ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಬೇಕು. ಬೆಂಗಳೂರಿಗೆ ಗುಳೆ ಹೋಗುವವರು ಅದನ್ನು ಸಂಗಡ ಒಯ್ಯಲಿ. ಅಲ್ಲಿಯೂ ಪರೀಕ್ಷೆ ಮಾಡಿಸಿ ಅದರಲ್ಲಿ ಬರೆಯಿಸಲಿ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದ ಒತ್ತಡ ಎಲ್ಲವೂ ಅದರಲ್ಲಿರುತ್ತವೆ. ಹಿಮೋಗ್ಲೋಬಿನ್ ೧೧ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ೭ಕ್ಕಿಂತ ಕಡಿಮೆಯಾದರೆ ದೊಡ್ಡ ಅಪಾಯ. ಅಂಥವಳೂ, ಮುಂಚೆ ಶಸ್ತ್ರಕ್ರಿಯೆಯಾದವಳೂ ಎಲ್ಲಿ ಹೆರಬೇಕೆಂದು ವೈದ್ಯರನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಕೆಲವರನ್ನು ರಾಯಚೂರಿಗೇ ಕಳುಹಿಸುತ್ತಾರೆ. ನಡುರಾತ್ರಿ ಬೇನೆಯೆದ್ದ ಮೇಲೆ ಅಷ್ಟು ದೂರ ಹೋಗುವದು ಬಹು ಕಷ್ಟ.

ಬೇನೆಯು ಬಿಟ್ಟು ಬಿಟ್ಟು ಕ್ರಮವಾಗಿ ಬರಲಾರಂಭಿಸಿದರೆ, ಇಲ್ಲವೆ ನೀರು ಹೋದರೆ ೧೦೮ಕ್ಕೆ ಕರೆ ಮಾಡಿರಿ. ರಕ್ತ ಕಂಡರೆ, ತಲೆನೋವಿನ ಸಂಗಡ ಕಣ್ಣು ಮಂಜಾದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಬೇನೆಗಾಗಿ ಕಾಯಲೇ ಬಾರದು.

ಆಸ್ಪತ್ರೆಗೆ ಸೇರಿದ ಮೇಲೆ ನರ್ಸಮ್ಮನವರು ಕಾರ್ಡನ್ನು ನೋಡಿ, ನಾಡಿಯನ್ನೂ ಒತ್ತಡವನ್ನೂ ಕೂಸಿನ ಎದೆಯ ಬಡಿತವನ್ನೂ ಪರೀಕ್ಷಿಸುವರು. ಗರ್ಭದ ಬಾಯಿ ಎಷ್ಟು ತೆರೆದದೆಂದು ಕೈಚೀಲ ಹಾಕಿಕೊಂಡು ಒಳಗೆ ನೋಡುವರು. ಇದಕ್ಕೆ ನಾಚಬೇಡಿರಿ. ಚೊಚ್ಚಲ ಹೆರಿಗೆಯು ಹನ್ನೆರಡು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಆ ವೇಳೆಯಲ್ಲಿ ಹೆಂಗಸು ಅಡ್ಡಾಡಬಹುದು, ಬೇರೆ ಅಪ್ಪಣೆ ಇಲ್ಲದಿದ್ದರೆ ನೀರು ಗಂಜಿ ಕುಡಿಯಬಹುದು. ತಾಯಿಯೋ ಅಕ್ಕನೋ ಸಂಗಡ ಇದ್ದರೆ ಧೈರ್ಯ. ಬೇನೆ ಬೇಗ ಬರಲೆಂದು ಸೂಜಿ ಹಾಕಿರೆಂದು ಹೊರಗೆ ನಿಂತವರು ಗದ್ದಲ ಮಾಡುವದನ್ನು ನಾವು ಕಂಡಿದ್ದೇವೆ. ಆ ಔಷಧವನ್ನು ವೈದ್ಯರು ಅಳೆದು ಕೊಡುವರು. ಹೆಚ್ಚಾದರೆ ಗರ್ಭಕೋಶವೇ ಹರಿಯಬಹುದು.

ಕೂಸು ಹುಟ್ಟಿದ ಕೂಡಲೆ ಒರಸಿ ತಾಯಿಯ ಮೈಮೇಲೆ ಮಲಗಿಸುವರು. ಒಂದರಿಂದ ಮೂರು ನಿಮಿಷ ತಾಳಿ ಹೊಕ್ಕಳ ಬಳ್ಳಿಯನ್ನು ಕೊಯ್ಯುವರು. ತಾಯಿಯ ತೊಡೆಗೆ ಒಂದು ಸೂಜಿ ಹಾಕುವರು. ಇದು ರಕ್ತವು ಮಿತಿಮೀರಿ ಹೋಗದಂತೆ ತಡೆಯುವದಕ್ಕೆ. ಮಾಸು ಬಿದ್ದ ಮೇಲೆಯೂ ಎರಡು ತಾಸು ಹತ್ತಿರವಿಟ್ಟು ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುವರು.

ಆ ಎರಡು ತಾಸಿನ ಬೆಲೆಯನ್ನು ನಾವು ತಡವಾಗಿ ಕಲಿತೆವು. ಕೆಲವು ವರುಷಗಳ ಹಿಂದೆ ಮಸ್ಕಿಯ ಕಡೆಯ ಒಂದು ಹಳ್ಳಿಯಲ್ಲಿ ಹೆರಿಗೆ ಮನೆಯಲ್ಲಿಯೇ ಆಯಿತು. ಕೂಸು ಅತ್ತಿತು, ಎಲ್ಲರೂ ಸಂತೋಷಪಟ್ಟರು. ಮಾಸು ಮಾತ್ರ ಬೀಳಲಿಲ್ಲ. ಬಿದ್ದೀತೆಂದು ಹಿರಿಯರು ಕಾದರು. ನಾವೂ ಅಂಗಳದಲ್ಲಿ ಕೂತಿದ್ದೆವು; ಹೊರಡಿರೆಂದು ಗಟ್ಟಿಯಾಗಿ ಹೇಳಲಿಲ್ಲ. ಆಕೆಯನ್ನು ಗಾಡಿಗೆ ಎತ್ತುವಾಗ ಕೌದಿಯೆಲ್ಲಾ ತೊಯ್ದಿತ್ತು. ಹಳ್ಳ ದಾಟುವಷ್ಟರಲ್ಲಿ ತೀರಿಕೊಂಡಳು. ಕೂಸು ಈಗ ಅಜ್ಜಿಯ ಹತ್ತಿರ ಬೆಳೆಯುತ್ತದೆ.

ಶಸ್ತ್ರಕ್ರಿಯೆ ಬೇಕೆಂದು ವೈದ್ಯರು ಹೇಳಿದರೆ ಕಾರಣವನ್ನು ಕೇಳುವದು ತಪ್ಪಲ್ಲ. ಒಪ್ಪಿಗೆಯ ಕಾಗದಕ್ಕೆ ಅದನ್ನು ತಿಳಿದೇ ರುಜು ಮಾಡಿರಿ. ರಕ್ತ ಬೇಕಾದರೆ ಗಂಡಸರು ಹಿಂಜರಿಯುತ್ತಾರೆ, ದುಡಿಯುವ ಬಲ ಹೋದೀತೆಂದು. ತೆಗೆಯುವದು ೩೫೦ ಮಿಲಿಲೀಟರಿನಷ್ಟು. ಆರೋಗ್ಯವುಳ್ಳವನು ಅದರಿಂದ ಸೊರಗುವದಿಲ್ಲ.

ಒಂದು ತಾಸಿನೊಳಗೆ ಕೂಸಿಗೆ ಎದೆಹಾಲು ಕುಡಿಸಬೇಕು. ಮೊದಲಿನ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಬೆಲ್ಲದ ನೀರನ್ನೋ ಜೇನನ್ನೋ ನೆಕ್ಕಿಸುವ ರೂಢಿಯನ್ನು ನಮ್ಮ ಅಜ್ಜಿಯರು ಬಿಡಲಿ. ಆ ಹಾಲೇ ಕೂಸಿಗೆ ರೋಗವನ್ನು ತಡೆಯುವ ಬಲ ಕೊಡುತ್ತದೆ. ಬಿಸಿಜಿ, ಹೆಪಟೈಟಿಸ್ ಬಿ ಲಸಿಕೆಗಳನ್ನೂ ಪೋಲಿಯೋ ಹನಿಯನ್ನೂ ಅಲ್ಲಿಯೇ ಹಾಕುವರು.

ಖರ್ಚಿನ ಮಾತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಎಲ್ಲವೂ ೨೦೧೧ರಿಂದ ಉಚಿತವೆಂದು ನಿಯಮವಿದೆ. ಗಂಡು ಹುಟ್ಟಿತೆಂದು ಇಷ್ಟು, ಹೆಣ್ಣು ಹುಟ್ಟಿತೆಂದು ಇಷ್ಟು ಎಂದು ಯಾರಾದರೂ ಕೈಯೊಡ್ಡಿದರೆ ಕೊಡಬೇಕಾದದ್ದಿಲ್ಲ. ಬಡ ಕುಟುಂಬದ ಹಳ್ಳಿಯ ತಾಯಿಗೆ ಜನನಿ ಸುರಕ್ಷಾ ಯೋಜನೆಯಿಂದ ೭೦೦ ರೂಪಾಯಿ ಬ್ಯಾಂಕಿಗೆ ಬರುತ್ತದೆ. ಬಿಪಿಎಲ್ ಕಾರ್ಡಿದ್ದವರಿಗೆ ಇದಕ್ಕಾಗಿ ಜಾತಿಯ ಪತ್ರ ಬೇಕಾಗಿಲ್ಲ. ನಮ್ಮವರು ಸುಮ್ಮನೆ ಸಂಕೋಚಪಟ್ಟು ಬಿಟ್ಟುಬಿಡಬಾರದೆಂದು ಇದನ್ನು ಬರೆದೆವು. ಹೋಗುವಾಗ ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಬ್ಯಾಂಕಿನ ಪುಸ್ತಕ, ತೊಳೆದ ಹಳೆಯ ಸೀರೆಗಳು ಇವಿಷ್ಟು ಒಂದೇ ಚೀಲದಲ್ಲಿರಲಿ.

ಸಹಜ ಹೆರಿಗೆಯಾದರೂ ೪೮ ತಾಸು ಅಲ್ಲಿಯೇ ಇರಬೇಕು. ಕೊಯ್ಲಿನ ಕಾಲದಲ್ಲಿ ಮರುದಿನವೇ ಕರೆದೊಯ್ಯುವೆವೆಂದು ಜಗಳ ಮಾಡಬೇಡಿರಿ. ಹೊರಡುವ ಮುಂಚೆ ಜನನವನ್ನು ದಾಖಲೆ ಮಾಡಿಸಿರಿ. ಇದಕ್ಕೆ ೨೧ ದಿನಗಳ ಅವಧಿಯುಂಟು. ಮನೆಗೆ ಬಂದ ಮೇಲೆ ಬಾಣಂತಿಯನ್ನು ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ನೀರು ಕೊಡದೆ ಇಡಬೇಡಿರಿ. ಜ್ವರ ಬಂದರೆ, ಹೋಗುವ ರಕ್ತ ನಿಲ್ಲದೆ ಹೆಚ್ಚಾದರೆ, ಕೂಸು ಹಾಲು ಕುಡಿಯದಿದ್ದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ತಿರಿಗಿ ೧೦೮ಕ್ಕೆ ಕರೆ ಮಾಡಿರಿ.