ಸಣ್ಣ ನುಡಿಗಳ ನಂಟು ಹಿಡಿಯುವ ಕೆಲಸ: ಕೆಲವು ಪಾಠಗಳು

ದ್ರಾವಿಡ ನುಡಿಗಳ ಚರಿತ್ರೆ ಎಂದೊಡನೆ ನಮ್ಮಲ್ಲಿ ತಮಿಳು, ಕನ್ನಡ, ತೆಲುಗು, ಮಲಯಾಳಂ ಈ ನಾಲ್ಕರ ಸುತ್ತಲೇ ಮಾತು ಗಿರಕಿ ಹೊಡೆಯುತ್ತದೆ. ಯಾವುದು ಹಳೆಯದು, ಯಾವುದು ಯಾವುದರ ತಾಯಿ ಎಂಬ ಜಗಳದಲ್ಲಿ ಅದು ಮುಗಿಯುತ್ತದೆ. ಕೊಡವ, ಬಡಗ, ಕೊರಗ, ಕುರುಂಬರ ನಡುವೆ ನೋಟ್‌ಬುಕ್ ಹಿಡಿದು ಓಡಾಡಿದ ನನಗೆ ಆ ಜಗಳದಲ್ಲಿ ರುಚಿಯಿಲ್ಲ. ಕನ್ನಡದ ಚರಿತ್ರೆಗೆ ಬೇಕಾದ ಸಾಕ್ಷ್ಯದಲ್ಲಿ ದೊಡ್ಡ ಪಾಲು ಕನ್ನಡದ ಹೊರಗೇ ಇದೆ, ಬರಹಕ್ಕಿಳಿಯದ ನುಡಿಗಳಲ್ಲಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು.

1. ಕನ್ನಡದಲ್ಲಿ ಕೇಳಿದರೆ ಕನ್ನಡವೇ ಸಿಗುತ್ತದೆ

‘ನಾವು ನಾಳೆ ಹೋಗುತ್ತೇವೆ’ ಅನ್ನುವುದಕ್ಕೆ ನಿಮ್ಮಲ್ಲಿ ಹೇಗೆ ಹೇಳುತ್ತೀರಿ ಎಂದು ತುಳುವರನ್ನು ಕೇಳಿ ನೋಡಿ. ಒಬ್ಬರು ‘ಎಂಕುಳು’ ಎಂದು ಶುರುಮಾಡುತ್ತಾರೆ, ಇನ್ನೊಬ್ಬರು ‘ನಮ’ ಅನ್ನುತ್ತಾರೆ. ಎರಡೂ ಸರಿ. ಕೇಳುವವರನ್ನು ಬಿಟ್ಟು ನಾವು ಎಂಬುದು ಮೊದಲನೆಯದು, ಅವರನ್ನೂ ಸೇರಿಸಿಕೊಂಡ ನಾವು ಎಂಬುದು ಎರಡನೆಯದು. ಇಂದಿನ ಕನ್ನಡದ ‘ನಾವು’ ಎರಡನ್ನೂ ನುಂಗಿಬಿಟ್ಟಿದೆ. ಹೀಗಾಗಿ ಕನ್ನಡ ವಾಕ್ಯಗಳ ಪಟ್ಟಿ ಹಿಡಿದು ಹೋದವರು ಕನ್ನಡದಲ್ಲಿರುವ ಭೇದಗಳನ್ನಷ್ಟೇ ತರುತ್ತಾರೆ, ಇಲ್ಲದ ಭೇದಗಳು ಪಟ್ಟಿಯ ಸಂದಿಯಲ್ಲಿ ಸೋರಿಹೋಗುತ್ತವೆ.

ಪಟ್ಟಿ ಬೇಡವೆಂದಲ್ಲ. ಅಂಗಾಂಗ, ನಂಟಸ್ತಿಕೆ, ನೀರು, ಬೆಂಕಿ, ಕಲ್ಲು ಇಂಥವಿಲ್ಲದೆ ತೌಲನಿಕ ಕೆಲಸ ನಡೆಯುವುದಿಲ್ಲ. ಆದರೆ ಅದು ಕೇಳಿಸಿಕೊಳ್ಳುವವರಿಗೆ ಎಷ್ಟು ವಿಚಿತ್ರವಾಗಿ ತೋರುತ್ತದೆ ಎಂಬುದು ನೆನಪಿರಲಿ. ಕರಾವಳಿಯ ಒಂದು ಕೊರಗ ಕೊಪ್ಪದಲ್ಲಿ ನಾನು ಕಿವಿ ಮುಟ್ಟಿ ತೋರಿಸಿ ಹೆಸರು ಕೇಳಿದಾಗ ಅಜ್ಜಿಯೊಬ್ಬರು ಮರುಕದಿಂದ, “ಇಷ್ಟು ಓದಿದ್ದೀರಿ, ಕಿವಿಗೆ ಏನು ಹೇಳುದಂತ ನಿಮಗೆ ಗೊತ್ತಿಲ್ವಾ?” ಎಂದಿದ್ದರು. ಸೊಪ್ಪು, ಬಳ್ಳಿ, ಮೀನಿನ ಹೆಸರುಗಳನ್ನಂತೂ ಜಗಲಿಯಲ್ಲಿ ಕೂತು ಕೇಳಬೇಡಿ. ಕಾಡಿಗೆ, ತೋಡಿನ ಬದಿಗೆ ಅವರ ಹಿಂದೆ ಹೋಗಿ. ಬಿದಿರು ಕಡಿಯುವುದಕ್ಕೂ ಕೂದಲು ಕತ್ತರಿಸುವುದಕ್ಕೂ ಒಂದೇ ಕ್ರಿಯಾಪದವೋ ಬೇರೆಬೇರೆಯೋ ಎಂಬುದು ಕತ್ತಿ ಕೈಯಲ್ಲಿದ್ದಾಗಲೇ ತಿಳಿಯುವುದು.

2. ನಮ್ಮ ಲಿಪಿಯನ್ನು ಅತಿಯಾಗಿ ನಂಬಬೇಡಿ

ಹೇಳಿದಂತೆ ಬರೆಯುವ ಲಿಪಿ ಎಂಬ ಹೆಮ್ಮೆ ನಮಗೆ ಶಾಲೆಯಿಂದಲೇ ಬಂದಿದೆ. ಅದು ಕನ್ನಡಕ್ಕೆ ಬಹುಮಟ್ಟಿಗೆ ನಿಜ. ಕೊಡವದಲ್ಲಿ ತುಟಿ ದುಂಡಗಾಗದ, ನಾಲಿಗೆ ಹಿಂದಕ್ಕೆಳೆದ ಸ್ವರಗಳಿವೆ. ಅವಕ್ಕೆ ನಮ್ಮ ವರ್ಣಮಾಲೆಯಲ್ಲಿ ಮನೆಯೇ ಇಲ್ಲ. ತುಳುವಿನ ಪದಾಂತ್ಯದ ಅರೆ ಉಕಾರವನ್ನು ಒಬ್ಬರು ಉ ಎಂದು, ಇನ್ನೊಬ್ಬರು ಅರ್ಧಾಕ್ಷರವಾಗಿ ಬರೆದು ಎರಡು ಪದ ಮಾಡಿಟ್ಟಿರುವುದನ್ನು ಕಂಡಿದ್ದೇನೆ.

ಬಡಗದ ಸಂಗತಿ ಇನ್ನೂ ಸೊಗಸಾದುದು. ಎಂ. ಬಿ. ಎಮೆನೊ 1939ರಲ್ಲಿ ಅದರ ಸ್ವರಗಳ ಬಗ್ಗೆ ಬರೆದಾಗ ನಾಲಿಗೆ ಮಡಚಿ ಉಚ್ಚರಿಸುವ ಸ್ವರಗಳನ್ನು ಗುರುತಿಸಿದರು. ಅದೂ ಎರಡು ಹಂತದಲ್ಲಿ: ಅರೆ ಮಡಚಿದ್ದು, ಪೂರಾ ಮಡಚಿದ್ದು. ನಮ್ಮ ಬಾಯಿ, ಬಳೆ, ಬೆಳೆ ಈ ಮೂರೂ ಅಲ್ಲಿ ಬಕಾರದ ಮುಂದೆ ಎಕಾರದಂಥ ಒಂದು ಸ್ವರಕ್ಕೆ ಇಳಿದಿವೆ. ಬೇರೆ ಮಾಡುವುದು ನಾಲಿಗೆಯ ಮಡಿಕೆ ಮಾತ್ರ. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ ಒಂದೇ. ಳಕಾರ ಮರೆಯಾಗಿದೆ, ಅದರ ಗುರುತು ಹಿಂದಿನ ಸ್ವರದಲ್ಲಿ ಕೂತಿದೆ. ಹೀಗೆ ಕಳೆದುಹೋದ ವ್ಯಂಜನವೊಂದರ ಚರಿತ್ರೆ ಸ್ವರದಲ್ಲಿ ಸಿಗುವುದನ್ನು ಅಂತರರಾಷ್ಟ್ರೀಯ ಧ್ವನಿಲಿಪಿ ಬರದವರು ಹಿಡಿಯಲಾರರು. ಈಚಿನ ಸಂಶೋಧಕರಿಗೆ ಈ ಭೇದ ಕೆಲವೇ ಮಂದಿಯ ಬಾಯಲ್ಲಿ ಸಿಕ್ಕಿದೆ.

3. ವಾಟ್ಸಾಪ್ ಆಡಿಯೊ ದಾಖಲೆಯಲ್ಲ

ಕಡತ ಚಿಕ್ಕದಾಗಲೆಂದು ಅದು ದನಿಯ ಸೂಕ್ಷ್ಮಗಳನ್ನು ಒರೆಸಿಹಾಕಿರುತ್ತದೆ. ವೇವ್ ಕಡತದಲ್ಲೇ ಮುದ್ರಿಸಿ, ಕಾಲರಿಗೆ ಸಿಕ್ಕಿಸುವ ಮೈಕು ಇರಲಿ, ಶುರುವಿನಲ್ಲೇ ಊರು, ದಿನ, ಮಾತನಾಡುವವರ ಒಪ್ಪಿಗೆ ದನಿಯಲ್ಲೇ ದಾಖಲಾಗಲಿ. ಟಿವಿ ಆರಿಸಿ ಎಂದು ಕೇಳಲು ನಾಚಬೇಡಿ. ಕೋಳಿಯನ್ನು ಮಾತ್ರ ಏನೂ ಮಾಡಲಾಗದು.

4. ಹೋಲಿಕೆ ಬೇರೆ, ನಂಟು ಬೇರೆ

ಆ ಅಜ್ಜಿ ನಕ್ಕ ‘ಕಿವಿ’ಯನ್ನೇ ತೆಗೆದುಕೊಳ್ಳಿ. ತುಳುವಿನಲ್ಲಿ ಕೆಬಿ, ಕೊಡವದಲ್ಲಿ ಕೆವಿ, ತಮಿಳು ಮತ್ತು ಮಲಯಾಳಂನಲ್ಲಿ ಚೆವಿ, ತೆಲುಗಿನಲ್ಲೂ ಚೆವಿ. ನೀಲಗಿರಿಯ ಕೋತರು ಕೆವ್ ಅನ್ನುತ್ತಾರೆ. ಮಹಾರಾಷ್ಟ್ರದ ಯವತ್ಮಾಳ ಕಡೆಯ ಕೋಲಾಮಿಯಲ್ಲೂ ಕೆವ್. ಝಾರ್ಖಂಡದ ಕುಡುಖ್‌ನಲ್ಲಿ ಖೆಬ್ದಾ, ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಬ್ರಾಹೂಯಿಯಲ್ಲಿ ಖಫ್. ಕೊನೆಯ ಎರಡರ ಖಕಾರ ಉರ್ದುವಿನ ‘ಖಬರ್’ನಲ್ಲಿರುವಂಥದ್ದು.

ಕಣ್ಣಳತೆಯಲ್ಲಿ ನೋಡಿದರೆ ತಮಿಳು ಮತ್ತು ತೆಲುಗು ಒಂದು ಗುಂಪು, ಕೋತ ಮತ್ತು ಕೋಲಾಮಿ ಒಂದು ಗುಂಪು ಅನ್ನಿಸೀತು. ಎರಡೂ ತಪ್ಪು. ತೆಲುಗಿಗೆ ಹತ್ತಿರದ ಗೋಂಡಿಯಲ್ಲಿ ಕಕಾರ ಹಾಗೇ ಇದೆ, ತಮಿಳಿನ ಕಡೆಯ ಕೋತ, ತೊದಗಳಲ್ಲೂ ಇದೆ. ಅಂದಮೇಲೆ ಕ ಹೋಗಿ ಚ ಬಂದದ್ದು ತಮಿಳಿನ ಕಡೆ ಒಮ್ಮೆ, ತೆಲುಗಿನಲ್ಲಿ ಬೇರೆಯಾಗಿ ಇನ್ನೊಮ್ಮೆ. ಇ, ಎಗಳ ಮುಂದೆ ಕಕಾರ ಚಕಾರವಾಗುವುದು ಲೋಕದಲ್ಲೆಲ್ಲ ನಡೆಯುವ ಮಾರ್ಪಾಡು. ಲ್ಯಾಟಿನ್ನಿನಿಂದ ಇಟಾಲಿಯನ್ ಬರುವಾಗಲೂ ನಡೆದಿದೆ. ಅಷ್ಟು ಸಹಜವಾದದ್ದನ್ನು ಎರಡು ನುಡಿಗಳು ಹಂಚಿಕೊಂಡರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಕೋತ ಮತ್ತು ಕೋಲಾಮಿ ಕೊನೆಯ ಸ್ವರವನ್ನು ಕಳೆದುಕೊಂಡದ್ದೂ ತಂತಮ್ಮ ಪಾಡಿಗೆ.

ಕನ್ನಡದ ಬಗ್ಗೆ ಇಲ್ಲಿ ತಿಳಿಯುವುದೇನು? ‘ಕಿವಿ’ಯ ಮೊದಲ ಇಕಾರ ನಮ್ಮದೇ ಹೊಸತು. ಮುಂದಿನ ಇಕಾರದ ಸೆಳೆತಕ್ಕೆ ಎಕಾರ ಮೇಲೇರಿದೆ. ತುಳು, ಕೊಡವ, ಕೋತ, ಕೋಲಾಮಿಗಳೆಲ್ಲ ಎಕಾರವನ್ನೇ ಹೇಳುತ್ತಿರುವಾಗ ಇದರಲ್ಲಿ ಅನುಮಾನ ಉಳಿಯುವುದಿಲ್ಲ. ಕಾಲ್ಡ್‌ವೆಲ್ 1856ರ ತಮ್ಮ ಗ್ರಂಥದಲ್ಲಿ ತೊದ, ಕೋತ, ಗೋಂಡಿಗಳನ್ನು ಸಂಸ್ಕಾರ ಕಾಣದ ನುಡಿಗಳ ಸಾಲಿಗೆ ಹಾಕಿದ್ದರು. 1961ರಲ್ಲಿ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ ಬಂದಾಗ ಈ ನುಡಿಗಳೇ ದೊಡ್ಡ ನುಡಿಗಳ ಪಕ್ಕದಲ್ಲಿ ಸಮನಾಗಿ ಸಾಕ್ಷಿ ಹೇಳಿದವು.

5. ಉಳಿಸಿಕೊಂಡದ್ದಲ್ಲ, ಹೊಸದಾಗಿ ಮಾಡಿಕೊಂಡದ್ದನ್ನು ಎಣಿಸಿ

ಹಾಲಿಗೆ ತಮಿಳಿನಲ್ಲಿ ಪಾಲ್, ತುಳುವಿನಲ್ಲಿ ಪೇರ್. ಎರಡರಲ್ಲೂ ಪಕಾರವಿದೆ, ಆದ್ದರಿಂದ ತುಳು ಕನ್ನಡಕ್ಕಿಂತ ತಮಿಳಿಗೆ ಹತ್ತಿರ ಎಂಬ ವಾದವನ್ನು ಪ್ರತಿವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಬರೆದು ತರುತ್ತಾರೆ. ಅಜ್ಜನ ಕಾಲದ ಹಂಡೆ ಇಬ್ಬರು ದಾಯಾದಿಗಳ ಮನೆಯಲ್ಲಿ ಉಳಿದಿದ್ದ ಮಾತ್ರಕ್ಕೆ ಅವರಿಬ್ಬರೇ ಒಡಹುಟ್ಟಿದವರು ಅಂತಾಗುವುದಿಲ್ಲ. ಪಕಾರ ಹಳೆಗನ್ನಡದಲ್ಲೂ ಇತ್ತು. ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಹಕಾರ ಕಾಣಿಸಿಕೊಳ್ಳುತ್ತದೆ.

ಬಡಗದಲ್ಲಿ ಹಾಲು ಹಾಲೇ. ಅವರ ಹಿರೀಕರು ವಿಜಯನಗರ ಕುಸಿದ ಮೇಲೆ ಮೈಸೂರು ಸೀಮೆಯಿಂದ ನೀಲಗಿರಿ ಹತ್ತಿದರು ಎಂಬ ಮಾತಿಗೂ ಈ ಹಕಾರಕ್ಕೂ ಹೊಂದಿಕೆಯಿದೆ: ಮಾರ್ಪಾಡು ಆದ ಮೇಲೆ ಅಗಲಿದವರು ಅದನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿರುತ್ತಾರೆ. ಒಂದು ಧ್ವನಿಯಿಂದ ಚರಿತ್ರೆ ಕಟ್ಟಬಾರದು, ಸರಿ. ಆದರೆ ಶುರುಮಾಡಲು ಇಂಥದೇ ಬೇಕು.

6. ಸಾಲ ಪತ್ರವೂ ದಾಖಲೆಯೇ

ಬ್ರಾಹೂಯಿಯಲ್ಲಿ ಒಂದು, ಎರಡು, ಮೂರಕ್ಕೆ ಅಸಿಟ್, ಇರಟ್, ಮುಸಿಟ್. ಇವು ದ್ರಾವಿಡದವು. ನಾಲ್ಕರಿಂದ ಮುಂದಕ್ಕೆಲ್ಲ ಇರಾನಿ ಕಡೆಯಿಂದ ಬಂದದ್ದು. ಮೂಲಪದಗಳನ್ನು ಬೇರೆ ನುಡಿಯಿಂದ ತರುವುದಿಲ್ಲ ಎಂಬ ನಂಬಿಕೆ ಇಲ್ಲಿ ನಾಲ್ಕನೆಯ ಅಂಕಿಯಲ್ಲೇ ಮುಗ್ಗರಿಸುತ್ತದೆ. ಎರವಲು ಪದಗಳನ್ನು ಕಸವೆಂದು ಗುಡಿಸಿಹಾಕಬೇಡಿ. ಬ್ರಾಹೂಯಿಯಲ್ಲಿ ಪ್ರಾಚೀನ ಇರಾನಿ ಪದಗಳ ಪದರ ಕಾಣದಿರುವುದನ್ನೂ ಎರವಲುಗಳು ಹೆಚ್ಚಾಗಿ ಬಲೂಚಿಯವು ಆಗಿರುವುದನ್ನೂ ಮುಂದಿಟ್ಟು ಜೋಸೆಫ್ ಎಲ್ಫೆನ್‌ಬೈನ್, ಆ ಜನ ಅಲ್ಲಿಗೆ ಬಂದದ್ದು ಈಚೆಗೆ ಎಂದು ವಾದಿಸಿದರು. ಬ್ರಾಹೂಯಿ ಸಿಂಧೂ ನಾಗರಿಕತೆಯ ಉಳಿಕೆ ಎಂಬ ಜನಪ್ರಿಯ ಕತೆಗಿಂತ ಈ ವಾದವೇ ನನಗೆ ಗಟ್ಟಿಯೆನಿಸುತ್ತದೆ.

7. ಕಂಪ್ಯೂಟರ್ ಬಿಡಿಸಿದ ವಂಶವೃಕ್ಷ

2018ರಲ್ಲಿ 20 ದ್ರಾವಿಡ ನುಡಿಗಳ ಪದಪಟ್ಟಿ ಇಟ್ಟುಕೊಂಡು ಸಂಖ್ಯಾಶಾಸ್ತ್ರದ ದಾರಿಯಲ್ಲಿ ಲೆಕ್ಕ ಹಾಕಿದ ಅಧ್ಯಯನವೊಂದು ಈ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದಿತು. ಬೆಲೆಬಾಳುವ ಕೆಲಸ. ಆದರೆ ಯಂತ್ರಕ್ಕೆ ಉಣಿಸುವುದು ಯಾರೋ ಜಗಲಿಯಲ್ಲಿ ಕೂತು ಬರೆದುಕೊಂಡ ಪದಗಳನ್ನೇ. ಅಲ್ಲಿ ಎರವಲನ್ನು ಸ್ವಂತದ್ದೆಂದು ಬರೆದಿದ್ದರೆ ಇಲ್ಲಿ ಕೊಂಬೆ ಬೇರೆ ಕಡೆ ಚಿಗುರುತ್ತದೆ.

8. ಭಾಷೆಯೋ ಉಪಭಾಷೆಯೋ ಎಂದು ತೀರ್ಪು ಕೊಡಲು ಹೋಗಬೇಡಿ

2011ರ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲಿ ಸೇರಿಸಿದೆ. ನಮ್ಮದು ಬೇರೆಯೇ ನುಡಿ ಎನ್ನುವ ಬಡಗರು ಬೇಕಾದಷ್ಟಿದ್ದಾರೆ. ಧ್ವನಿನಿಯಮಗಳು ಹೇಳುವ ನಂಟಿಗೂ ಜನ ತಮ್ಮನ್ನು ಯಾರೆಂದು ಕರೆದುಕೊಳ್ಳುತ್ತಾರೆ ಎಂಬುದಕ್ಕೂ ಲಡಾಯಿ ಹಚ್ಚುವುದು ನಮ್ಮ ಕೆಲಸವಲ್ಲ. ಕೊರಗ ನುಡಿಯನ್ನು ತುಳುವಿನ ಮುರುಕು ರೂಪ ಎಂದು ಸುಲಭವಾಗಿ ತಳ್ಳಿಹಾಕುವವರು ಈಗಲೂ ಸಿಗುತ್ತಾರೆ. ಅದಕ್ಕೆ ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಪ್ರತ್ಯೇಕ ವಿವರಣೆ ಬರೆದು, ಅದರೊಳಗಿನ ಪ್ರಭೇದಗಳನ್ನೂ ಬೇರ್ಪಡಿಸಿ ತೋರಿಸಿದ್ದಾರೆ.

9. ಮೊದಲು ಕತೆ, ಆಮೇಲೆ ವ್ಯಾಕರಣ

ವ್ಯಾಕರಣ, ನಿಘಂಟು, ಪಠ್ಯ ಮೂರೂ ಬೇಕು. ಒಂದಕ್ಕಷ್ಟೇ ಸಮಯವಿದ್ದರೆ ಪಠ್ಯ ಆರಿಸಿಕೊಳ್ಳಿ. ಎಮೆನೊ 1944–46ರಲ್ಲಿ ಹೊರತಂದ ಕೋತ ಕತೆಗಳಲ್ಲಿ ಇಂದಿನವರು ತಮಗೆ ಬೇಕಾದ ಹೊಸ ಪ್ರಶ್ನೆಗೆ ಉತ್ತರ ಹುಡುಕಬಹುದು. ಬರಿಯ ಪದಪಟ್ಟಿ ಉತ್ತರಿಸುವುದು ಅದನ್ನು ಮಾಡಿದವರ ಪ್ರಶ್ನೆಗೆ ಮಾತ್ರ. ಒಂದು ಪ್ರತಿ ಹೇಳಿದವರ ಮನೆಯಲ್ಲೇ ಇರಲಿ.

ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಆಡುವ ನುಡಿಗಳ ಲೆಕ್ಕವನ್ನು ನಮ್ಮ ಜನಗಣತಿ 1971ರಿಂದೀಚೆಗೆ ಪ್ರತ್ಯೇಕವಾಗಿ ಪ್ರಕಟಿಸುತ್ತಿಲ್ಲ. ಅಂದರೆ ಸರ್ಕಾರಿ ಪಟ್ಟಿ ನೋಡಿ ವಿಷಯ ಆರಿಸುವವರಿಗೆ ಅವು ಸಿಗುವುದೇ ಇಲ್ಲ. ಭಾಷಾಶಾಸ್ತ್ರ ಓದುತ್ತಿರುವವರು ಪಿಎಚ್‌ಡಿ ವಿಷಯಕ್ಕಾಗಿ ಗ್ರಂಥಾಲಯದಲ್ಲಿ ತಡಕಾಡುವ ಮುಂಚೆ ದಯವಿಟ್ಟು ಒಮ್ಮೆ ಕೊಡಗು, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯ ಹಾಡಿಗಳಿಗೆ ಹೋಗಿ ಬನ್ನಿ.