ಅಂಧೇರಿಯಲ್ಲಿ ಕಥೆ ಹೇಳುವ ಮೊದಲು

ಡೊಂಬಿವಲಿಯಿಂದ ಘಾಟ್ಕೋಪರ್‌ಗೆ ಲೋಕಲ್, ಅಲ್ಲಿಂದ ಮೆಟ್ರೊ. ವರ್ಸೋವಾದಲ್ಲಿ ಇಳಿದರೆ ಆರಾಮ್ ನಗರ ಹತ್ತಿರ; ಹಳೆಯ ಮನೆಗಳ ತುಂಬ ಸಿನಿಮಾ ಆಫೀಸುಗಳು. ಚಿತ್ರಕಥೆ ಮಾರಲು ನಮ್ಮ ಹುಡುಗರು ಫೈಲು ಹಿಡಿದು ಹೋಗುವುದು ಇಲ್ಲಿಗೇ. ನಾನೂ ಹೋಗಿದ್ದೆ. ಚಹಾದಂಗಡಿ ಮುಂದೆ ನಿಂತು ಸಹಾಯಕ ನಿರ್ದೇಶಕನೊಬ್ಬನಿಗೆ ಇಡೀ ಕಥೆ ಹೇಳಿಬಿಟ್ಟೆ. ಎರಡು ವರ್ಷದ ಮೇಲೆ ಅದರ ಅರ್ಧ ಟಿ.ವಿ.ಯಲ್ಲಿ ಬಂತು. ಕೇಳಲು ನನ್ನ ಬಳಿ ಒಂದು ಹಾಳೆಯೂ ಇರಲಿಲ್ಲ.

ಆದ್ದರಿಂದ ಮೊದಲು ಪೂರ್ತಿ ಬರೆಯಿರಿ. ಕಾನೂನು ಕಾಯುವುದು ಬರಹವನ್ನು, ಬರಿಯ ಐಡಿಯಾವನ್ನಲ್ಲ. ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನೇ ‘ನ್ಯೂ ಡೆಲ್ಲಿ’ ಚಿತ್ರ ಮಾಡಿದ್ದಾರೆಂದು ಆರ್.ಜಿ. ಆನಂದ್ ಸುಪ್ರೀಂ ಕೋರ್ಟ್‌ವರೆಗೆ ಹೋದರು, ಇದೇ ಕಾರಣಕ್ಕೆ 1978ರಲ್ಲಿ ಸೋತರು. ಮುಂಬೈಯಲ್ಲಿ ಕೇಳುವುದು ‘ಬೌಂಡ್ ಸ್ಕ್ರಿಪ್ಟ್’: ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ 100–120 ಪುಟ. ಹಿಂದಿ ಸಂಭಾಷಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವುದು ಇಲ್ಲಿ ರೂಢಿ.

ಮುಂದಿನ ಕೆಲಸ ಸ್ಕ್ರಿಪ್ಟ್ ನೋಂದಣಿ. ಅಂಧೇರಿ ಪಶ್ಚಿಮದ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಆನ್‌ಲೈನಿನಲ್ಲೇ ಮಾಡಬಹುದು. ತಿದ್ದಿ ಬರೆದಾಗಲೆಲ್ಲ ಹೊಸದಾಗಿ ನೋಂದಾಯಿಸಿ. ಇನ್ನೂ ಗಟ್ಟಿ ಆಧಾರ ಬೇಕೆಂದರೆ ಕಾಪಿರೈಟ್ ಕಚೇರಿಗೆ 500 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಆಕ್ಷೇಪಣೆಗಳಿಗಾಗಿ 30 ದಿನ ಕಾಯಿಸುತ್ತಾರೆ.

ಆಮೇಲೆ ನರೇಶನ್, ಅಂದರೆ ಎದುರು ಕೂತು ಕಥೆ ಹೇಳುವುದು. ಇದಕ್ಕೆ ನಾಟಕದ ತಾಲೀಮಿನಷ್ಟೇ ತಯಾರಿ ಬೇಕು. ಇಪ್ಪತ್ತು ನಿಮಿಷದಲ್ಲಿ ಮುಗಿಯುವಂತೆ ಮನೆಯವರ ಮುಂದೆ ಹತ್ತು ಸಲ ಹೇಳಿ ನೋಡಿ. ಕೇಳುವವರ ಕೈ ಮೊಬೈಲಿನತ್ತ ಸರಿದರೆ ವಿವರಣೆ ಬಿಟ್ಟು ನೇರ ಇಂಟರ್ವಲ್ ದೃಶ್ಯಕ್ಕೆ ಬನ್ನಿ. ಅಂದು ಸಂಜೆಯೇ ಒಂದು ಪುಟದ ಸಾರಾಂಶ ಹಚ್ಚಿ, ‘ಇವತ್ತು ನಿಮಗೆ ಈ ಕಥೆ ಹೇಳಿದೆ, ಧನ್ಯವಾದ’ ಎಂದು ಇಮೇಲ್ ಮಾಡಿ. ಯಾರಿಗೆ, ಯಾವತ್ತು ಹೇಳಿದಿರಿ ಎಂಬುದಕ್ಕೆ ಅದೇ ದಾಖಲೆ.

ಒಪ್ಪಂದದ ಹಾಳೆ ಬಂದಾಗ ಅವಸರ ಬೇಡ. ಹಕ್ಕು ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎನ್ನುತ್ತದೆ ಕಾಪಿರೈಟ್ ಕಾಯ್ದೆ. ಸಂಭಾವನೆಯ ಕೊನೆಯ ಕಂತನ್ನು ಚಿತ್ರದ ಬಿಡುಗಡೆಗೆ ಜೋಡಿಸಬೇಡಿ. ಚಿತ್ರ ನಿಂತರೆ ಹಣವೂ ನಿಲ್ಲುತ್ತದೆ. ಅಂತಿಮ ಪ್ರತಿ ಕೊಟ್ಟ ದಿನಕ್ಕೆ ಜೋಡಿಸಿ. ಇಂತಿಷ್ಟು ವರ್ಷದಲ್ಲಿ ಚಿತ್ರವಾಗದಿದ್ದರೆ ಹಕ್ಕು ವಾಪಸ್ ಎಂಬ ಸಾಲನ್ನೂ ಸೇರಿಸಿ. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಯ ರಾಯಲ್ಟಿಯನ್ನು ನಿರ್ಮಾಪಕರಿಗೆ ಬರೆದುಕೊಡಲು 2012ರ ತಿದ್ದುಪಡಿಯ ಪ್ರಕಾರ ನಿಮಗೇ ಅಧಿಕಾರವಿಲ್ಲ. ‘ಎಲ್ಲರೂ ಬರೆದುಕೊಡ್ತಾರೆ’ ಎಂದರೆ ನಂಬಬೇಡಿ.

ಹೆಸರು ಎಲ್ಲಿ ಬರಬೇಕು, ಪೋಸ್ಟರ್‌ನಲ್ಲೂ ಬರಬೇಕೇ ಎಂಬುದೂ ಒಪ್ಪಂದದಲ್ಲೇ ಇರಲಿ. ನಮ್ಮ ಡಾ. ರಾಜ್‌ಕುಮಾರ್ ಅವರ ‘ಪ್ರೇಮದ ಕಾಣಿಕೆ’ಗೆ ಕಥೆ ಕೊಟ್ಟ ಸಲೀಂ–ಜಾವೇದ್, 1973ರಲ್ಲಿ ‘ಜಂಜೀರ್’ ಪೋಸ್ಟರ್‌ಗಳ ಮೇಲೆ ಪೇಂಟರ್‌ನಿಂದ ತಮ್ಮ ಹೆಸರು ಬರೆಸಬೇಕಾಯಿತು.