ಹಸಿದ ಮಕ್ಕಳಿಗಾಗಿ ಹುಟ್ಟಿದ ಫುಟ್‌ಬಾಲ್ ತಂಡ

“ಫಾದರ್, ನನ್ನ ಮಗನಿಗೆ ಫುಟ್‌ಬಾಲ್ ತಂಡವೇ ದೇವರಾಗಿಬಿಟ್ಟಿದೆ. ಅವನ ತಂಡ ಸೋತ ದಿನ ಊಟವನ್ನೂ ಮಾಡುವುದಿಲ್ಲ. ಇದು ಪಾಪವಲ್ಲವೇ?” ತಾಯಂದಿರಿಂದ ಇಂಥ ಪ್ರಶ್ನೆ ಆಗಾಗ ಬರುತ್ತದೆ. ಆಟಕ್ಕಾಗಿ ಭಾನುವಾರದ ಬಲಿಪೂಜೆಯನ್ನೇ ಬಿಡುವವನ ವಿಷಯದಲ್ಲಿ ಉತ್ತರ ಸುಲಭ. ಅದನ್ನು ನಾನು ಹೇಳಬೇಕಾಗಿಲ್ಲ. ಉಳಿದವರ ವಿಷಯ ಅಷ್ಟು ಸುಲಭವಲ್ಲ.

ಸಂತ ಪೌಲರು ಕೊರಿಂಥದ ವಿಶ್ವಾಸಿಗಳಿಗೆ ಬರೆದ ಮೊದಲ ಪತ್ರದಲ್ಲಿ ಓಟದ ಪಂದ್ಯವನ್ನೇ ಉದಾಹರಣೆಯಾಗಿ ಕೊಡುತ್ತಾರೆ. ಸಂತ ಥಾಮಸ್ ಅಕ್ವಿನಾಸರಂತೂ ಆಟ, ವಿನೋದಗಳಲ್ಲಿ ಹಿತಮಿತವಾಗಿ ತೊಡಗುವುದನ್ನು ಸದ್ಗುಣವೆಂದೇ ಎಣಿಸಿದರು. ತಾನೂ ನಗದೆ, ನಗುವವರನ್ನೂ ಸಹಿಸದೆ ಇರುವ ಬಿಗುಮೋರೆ ಅವರ ಲೆಕ್ಕದಲ್ಲಿ ಒಂದು ದೋಷ. (ಗುರುಮಠದಲ್ಲಿ ಈ ಭಾಗವನ್ನು ಓದಿದಾಗ ನಮಗೆಲ್ಲ ಎಷ್ಟು ಸಮಾಧಾನವಾಯಿತು!) ಆದ್ದರಿಂದ ಹುಡುಗ ತನ್ನ ತಂಡವನ್ನು ಎಷ್ಟು ಪ್ರೀತಿಸುತ್ತಾನೆ ಎನ್ನುವುದಕ್ಕಿಂತ, ಆ ಪ್ರೀತಿ ಅವನನ್ನು ಎತ್ತ ಕರೆದೊಯ್ಯುತ್ತಿದೆ ಎಂದು ನೋಡಬೇಕು. ಇದನ್ನು ತಿಳಿಯಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡದ ಕಥೆ ಬಹಳ ಸಹಾಯಕ. ಏಕೆಂದರೆ ಆ ತಂಡ ಹುಟ್ಟಿದ್ದೇ ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ.

1880ರ ದಶಕದಲ್ಲಿ ಗ್ಲಾಸ್ಗೋದ ಪೂರ್ವ ಭಾಗದ ಕೇರಿಗಳಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಬಡ ಕಥೋಲಿಕರು ತುಂಬಿದ್ದರು. ಅಲ್ಲಿನ ಬ್ರಿಜ್ಟನ್ ಎಂಬಲ್ಲಿ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು ಮಾರಿಸ್ಟ್ ಸಭೆಯ ಸಹೋದರ ವಾಲ್‌ಫ್ರಿಡ್. ಐರ್ಲೆಂಡಿನ ಬ್ಯಾಲಿಮೋಟ್ ಎಂಬ ಊರಿನಲ್ಲಿ 1840ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಆಂಡ್ರೂ ಕೆರಿನ್ಸ್. ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುವ ಮಕ್ಕಳಿಗೆ ಒಂದು ಪೆನ್ನಿಗೆ ಊಟ ಸಿಗುವ ವ್ಯವಸ್ಥೆಯನ್ನು ಅವರು ನಡೆಸುತ್ತಿದ್ದರು. ಆದರೆ ಅದಕ್ಕೆ ಹಣ ಬೇಕಲ್ಲ! ಎಡಿನ್‌ಬರೋದಲ್ಲಿ ಸಂತ ಪ್ಯಾಟ್ರಿಕ್ ಧರ್ಮಕೇಂದ್ರದ ಆಶ್ರಯದಲ್ಲಿ 1875ರಲ್ಲಿ ಹುಟ್ಟಿದ್ದ ಹೈಬರ್ನಿಯನ್ ತಂಡದ ಆಟಕ್ಕೆ ಜನ ಟಿಕೆಟ್ ಕೊಂಡು ಬರುತ್ತಿದ್ದುದನ್ನು ಅವರು ಗಮನಿಸಿದರು. 1887ರ ನವೆಂಬರ್ 6ರಂದು ಕ್ಯಾಲ್ಟನ್‌ನ ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸಭೆ ಸೇರಿ ಸೆಲ್ಟಿಕ್ ತಂಡವನ್ನು ಸ್ಥಾಪಿಸಲಾಯಿತು. 1888ರ ಮೇ 28ರಂದು ಮೊದಲ ಪಂದ್ಯ. ಎದುರಾಳಿ ಅದೇ ನಗರದ ರೇಂಜರ್ಸ್. ಸೆಲ್ಟಿಕ್‌ಗೆ 5–2ರ ಗೆಲುವು.

ಅಂದಿನ ಬೆಂಬಲಿಗನನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ವಾರವಿಡೀ ದುಡಿದು ಶನಿವಾರ ಮೈದಾನದ ಬಾಗಿಲಲ್ಲಿ ಅವನು ಕೊಟ್ಟ ಚಿಲ್ಲರೆ ಕಾಸಿನಲ್ಲಿ ಒಂದು ಪಾಲು ತನ್ನದೇ ಬೀದಿಯ ಮಗುವಿನ ತಟ್ಟೆಗೆ ಹೋಗುತ್ತಿತ್ತು. ಅವನು ಆಟ ನೋಡಿ ಕೂಗಿ ಗಂಟಲು ಕೆಡಿಸಿಕೊಂಡದ್ದೂ ಒಂದು ಬಗೆಯ ಪರಪ್ರೇಮದ ಕಾರ್ಯವೇ ಆಯಿತು. ದುಃಖದ ಸಂಗತಿಯೆಂದರೆ ಇದು ಬಹಳ ಕಾಲ ಉಳಿಯಲಿಲ್ಲ. ಸಹೋದರ ವಾಲ್‌ಫ್ರಿಡ್ ಅವರಿಗೆ 1892ರಲ್ಲಿ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ತಂಡ ಷೇರುದಾರರ ಕಂಪನಿಯಾಯಿತು. ದಾನಧರ್ಮ ಹಿಂದೆ ಸರಿಯಿತು.

ಒಂದು ವಿಷಯದಲ್ಲಿ ಮಾತ್ರ ತಂಡ ದಾರಿ ತಪ್ಪಲಿಲ್ಲ. ಹೈಬರ್ನಿಯನ್ ಆರಂಭದಲ್ಲಿ ಕಥೋಲಿಕರನ್ನಷ್ಟೇ ಸೇರಿಸಿಕೊಳ್ಳುತ್ತಿತ್ತು. ಸೆಲ್ಟಿಕ್ ಆ ನಿಯಮ ಮಾಡಲಿಲ್ಲ. 1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದ ಹನ್ನೊಂದು ಮಂದಿಯೂ ಗ್ಲಾಸ್ಗೋದ ಸುತ್ತ 30 ಮೈಲಿಯೊಳಗೆ ಹುಟ್ಟಿದವರು. ಅವರನ್ನು ತರಬೇತುಗೊಳಿಸಿದ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್.

ಆದರೂ ಪ್ರೇಕ್ಷಕರ ಸಾಲಿನಲ್ಲಿ ದ್ವೇಷ ಬೆಳೆಯಿತು. ಸೆಲ್ಟಿಕ್ ಎಂದರೆ ಕಥೋಲಿಕರು, ರೇಂಜರ್ಸ್ ಎಂದರೆ ಪ್ರೊಟೆಸ್ಟೆಂಟರು ಎಂಬ ಗೋಡೆ ಎದ್ದಿತು. 1989ರಲ್ಲಿ ಮೋ ಜಾನ್‌ಸ್ಟನ್ ಎಂಬ ಕಥೋಲಿಕ ಆಟಗಾರ, ಹಿಂದೆ ಸೆಲ್ಟಿಕ್‌ನಲ್ಲಿ ಆಡಿದವರು, ರೇಂಜರ್ಸ್ ಸೇರಿದಾಗ ಅತ್ತ ಕೆಲವರು ತಮ್ಮ ತಂಡದ ಸ್ಕಾರ್ಫುಗಳನ್ನೇ ಸುಟ್ಟರು. ಇತ್ತ ನಮ್ಮವರು ದ್ರೋಹಿ ಎಂದು ಬೈದರು. ತಪ್ಪು ಒಂದೇ ಕಡೆಯದೆಂದು ಹೇಳುವ ಧೈರ್ಯ ನನಗಿಲ್ಲ.

1995ರ ಅಕ್ಟೋಬರ್ 7ರಂದು ಸೆಲ್ಟಿಕ್ ಆಟ ನೋಡಿ ಮನೆಗೆ ನಡೆದು ಹೊರಟಿದ್ದ 16 ವರ್ಷದ ಹುಡುಗನೊಬ್ಬನನ್ನು ಅಪರಿಚಿತನೊಬ್ಬ ಚೂರಿಯಿಂದ ಕೊಂದ. ಅಂದಿನ ಎದುರಾಳಿ ರೇಂಜರ್ಸ್ ಕೂಡ ಅಲ್ಲ. ಕೊಲೆ ನಡೆದದ್ದು ಬ್ರಿಜ್ಟನ್‌ನಲ್ಲಿ, ಸಹೋದರ ವಾಲ್‌ಫ್ರಿಡ್ ಮಕ್ಕಳಿಗೆ ಊಟ ಹಾಕಿದ ಅದೇ ಕೇರಿಯಲ್ಲಿ.

ಸತ್ತ ಹುಡುಗನ ಗೆಳತಿಯೊಬ್ಬಳು ಕೆಲವು ವರ್ಷಗಳ ಬಳಿಕ ಈ ದ್ವೇಷದ ವಿರುದ್ಧ ‘ನಿಲ್ ಬೈ ಮೌತ್’ ಎಂಬ ಸಂಸ್ಥೆ ಕಟ್ಟಿದಳು. ರೋಗಿಗೆ ಬಾಯಿಂದ ಏನನ್ನೂ ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ಬರೆದು ತೂಗುಹಾಕುವ ಮಾತು ಅದು. ಚೂರಿ ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ ವಿಷ ಬಾಯಿಗೆ ಬಂದಿರುತ್ತದೆ ಎಂಬುದನ್ನು ಆಕೆ ಅರಿತಿದ್ದಳು.

ಮೇಲಿನ ಪ್ರಶ್ನೆ ಕೇಳುವ ತಾಯಂದಿರಿಗೆ ನನ್ನ ಸಲಹೆ ಇಷ್ಟೇ: ಮಗ ಎಷ್ಟು ಹೊತ್ತು ಆಟ ನೋಡುತ್ತಾನೆ ಎಂದು ಗಡಿಯಾರ ನೋಡಬೇಡಿ. ಎದುರು ತಂಡದವರನ್ನು ಅವನು ಏನೆಂದು ಕರೆಯುತ್ತಾನೆ, ಕಿವಿಗೊಟ್ಟು ಕೇಳಿ. ನಮ್ಮ ಊರು, ನಮ್ಮ ಕೇರಿ, ನಮ್ಮವರು ಎಂಬ ಪ್ರೀತಿ ಸಹಜವೇ. ಹತ್ತಿರದವರ ಮೇಲೆ ಹೆಚ್ಚಿನ ಪ್ರೀತಿ ಇರುವುದನ್ನು ಅಕ್ವಿನಾಸರೂ ಒಪ್ಪುತ್ತಾರೆ. ಬೈಗುಳ ಕೇಳಿಸಿದರೆ ಮಾತ್ರ ಅಂದೇ ಕೂರಿಸಿಕೊಂಡು ಮಾತನಾಡಿ. ಅಪ್ಪನೇ ಆ ಬೈಗುಳ ಕಲಿಸಿದ್ದರೆ, ಮೊದಲು ಅಪ್ಪನನ್ನು ಕೂರಿಸಿ.

ಸಹೋದರ ವಾಲ್‌ಫ್ರಿಡ್ 1915ರಲ್ಲಿ ತೀರಿಕೊಂಡರು. 2005ರಲ್ಲಿ ಸೆಲ್ಟಿಕ್ ಕ್ರೀಡಾಂಗಣದ ಮುಂದೆ ಅವರ ಪ್ರತಿಮೆ ನಿಲ್ಲಿಸಲಾಯಿತು. ಇತ್ತೀಚಿನ ವರ್ಷಗಳಲ್ಲಿ ಬೆಂಬಲಿಗರು ವರ್ಷಕ್ಕೊಮ್ಮೆ ಪಂದ್ಯದ ದಿನ ಅಲ್ಲಿ ಬಡವರಿಗಾಗಿ ಆಹಾರ ಸಾಮಗ್ರಿ ಸಂಗ್ರಹಿಸುತ್ತಾರೆ. ಆಟ ನೋಡಲು ಬಂದವರು ಮನೆಯಿಂದ ತಂದ ಡಬ್ಬಿ, ಪೊಟ್ಟಣಗಳನ್ನು ಕೊಟ್ಟು, ನಂತರ ಒಳಗೆ ಹೋಗಿ ಕೂಗಲು ಶುರುಮಾಡುತ್ತಾರೆ.